ದಕ್ಕೆಗೆ ಬಂದ ದನಿ

ಮಂಗಳೂರಿನ ಮೀನುಗಾರಿಕೆಯ ಬಂದರನ್ನು ಜನರು ಇಂದಿಗೂ ‘ದಕ್ಕೆ’ ಎಂದೇ ಕರೆಯುತ್ತಾರೆ. ದೋಣಿ ಬಂದು ಆತು ನಿಂತು, ಹೊತ್ತ ಸರಕನ್ನು ಇಳಿಸಿ, ಮತ್ತೆ ಹೊರಡುವ ಕಟ್ಟೆಗೆ ಆ ಹೆಸರು. ನೇತ್ರಾವತಿಯ ನೀರಿನ ದಾರಿಯಲ್ಲಿ ದೋಣಿಗಳು ಬಂಟ್ವಾಳದವರೆಗೆ ಏರಿಬರುತ್ತಿದ್ದ ಕಾಲವೊಂದಿತ್ತು. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನೇರಿ ಇಳಿದುಬಂದ ಸರಕು ಅಲ್ಲಿಂದ ಮುಂದೆ ದೋಣಿಯನ್ನು ಏರುತ್ತಿತ್ತು; ಬಂಟ್ವಾಳದ ಪೇಟೆ ಬೆಳೆದದ್ದು ಈ ವ್ಯವಹಾರದಿಂದ. ಈ ಶತಮಾನದ ಮೊದಲ ದಶಕದಲ್ಲಿ ಇದೇ ಸೀಮೆಯ ಮನೆಗಳಿಗೆ ಇನ್ನೊಂದು ಬಗೆಯ ದಕ್ಕೆ ಬಂದಿತು. ಡಾಕಿಂಗ್ ಸ್ಪೀಕರ್ ಎಂದು ಅದರ ಹೆಸರು. ಅಂಗೈಯಗಲದ ಹಾಡುಪೆಟ್ಟಿಗೆಯನ್ನೋ ಫೋನನ್ನೋ ಅದರ ನೆತ್ತಿಯ ತೋಡಿನಲ್ಲಿ ನಿಲ್ಲಿಸಿದರೆ, ಆ ಪುಟ್ಟ ಯಂತ್ರ ಕೆಳಗಿನಿಂದ ವಿದ್ಯುತ್ತನ್ನು ಉಣ್ಣುತ್ತ ತನ್ನೊಳಗಿನ ಹಾಡನ್ನು ದೊಡ್ಡ ಪೆಟ್ಟಿಗೆಯ ಬಾಯಿಂದ ಹೊರಡಿಸುತ್ತದೆ. ಹೆಸರಿಟ್ಟವರಿಗೆ ನಮ್ಮ ದಕ್ಕೆಯ ಪರಿಚಯವಿದ್ದಿರಲಾರದು. ಆದರೆ ‘ಡಾಕ್’ ಎಂದರೆ ಅದೇ ಹಡಗುಕಟ್ಟೆ.

ಇಂಥ ಪೆಟ್ಟಿಗೆಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆ. ಅದನ್ನು ಚರಿತ್ರೆಯ ಪ್ರಶ್ನೆಯಾಗಿಯೂ ನೋಡಲು ಸಾಧ್ಯವಿದೆ. ಏಕೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರು ದನಿಯನ್ನು ಮನೆಯ ಚಾವಡಿಗೆ ತಂದುಕೊಳ್ಳಲು ಯಾವ ಯಂತ್ರ ತಕ್ಕದ್ದು ಎಂದು ಒಂದು ನೂರು ವರ್ಷಗಳಿಂದ ಮತ್ತೆ ಮತ್ತೆ ಆರಿಸುತ್ತಲೇ ಬಂದಿದ್ದಾರೆ. ಕೇಳುವುದು ಈ ಸೀಮೆಯವರಿಗೆ ಓದುವುದಕ್ಕಿಂತ ಹಳೆಯ ಅಭ್ಯಾಸ. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ತನ್ನ ‘ಭರತೇಶವೈಭವ’ಕ್ಕೆ ಆರಿಸಿಕೊಂಡದ್ದು ಹಾಡಿಕೊಳ್ಳಲು ಒದಗುವ ಸಾಂಗತ್ಯವನ್ನು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ಕೊಟ್ಟದ್ದೂ ಹಾಡುವ ಪದ್ಯಗಳನ್ನು. ಆದರೆ ಈ ನಾಡಿನವರ ಕಿವಿಯನ್ನು ತಿದ್ದಿದ ದೊಡ್ಡ ಗುರು ಯಕ್ಷಗಾನವೆಂಬುದರಲ್ಲಿ ಸಂಶಯವಿಲ್ಲ. ಆದುದರಿಂದ ಮಾತನ್ನು ಅಲ್ಲಿಂದಲೇ ತೊಡಗುವುದು ಮೇಲು.

ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಸಂಜೆ ಚೆಂಡೆಯವರು ‘ಕೇಳಿ’ ಬಡಿದರೆ ಗುಡ್ಡದಾಚೆಯ ಊರಿಗೂ ಇಂದು ಆಟವಿದೆಯೆಂದು ತಿಳಿಯುತ್ತಿತ್ತು. ರಾತ್ರಿಯಿಡೀ ಭಾಗವತರ ಕಂಠ ಯಾವ ಯಂತ್ರದ ನೆರವೂ ಇಲ್ಲದೆ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನ ಕಿವಿಯನ್ನು ಮುಟ್ಟಬೇಕು. ಅದೂ ಚೆಂಡೆ ಮದ್ದಳೆಗಳನ್ನು ದಾಟಿಕೊಂಡು. ಹೀಗಿರಲಾಗಿ ಏರುಶ್ರುತಿ ಎಂಬುದು ಅಲ್ಲಿ ಬರಿಯ ಶೈಲಿಯಲ್ಲ, ಅನಿವಾರ್ಯತೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ, ಕಟೀಲು ಮೇಳದ ಬಲಿಪ ನಾರಾಯಣ ಭಾಗವತರು (1938–2023) ಆ ಪರಂಪರೆಯ ಗಟ್ಟಿ ಕಂಠವನ್ನು ನಮ್ಮ ಕಾಲದವರೆಗೂ ಕಾಪಾಡಿಕೊಂಡು ಬಂದವರು. ಅವರ ಪದವನ್ನು ಕೇಳಿದವರಿಗೆ ಮನುಷ್ಯನ ಎದೆಗೂಡೇ ಮೊದಲ ಧ್ವನಿವರ್ಧಕವೆಂಬ ಮಾತು ಅತಿಶಯವೆಂದು ತೋರದು.

ಯಂತ್ರ ಬಂದದ್ದು ಬಹಳ ತಡವಾಗಿ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಭಾರತೀಯ ಗಾಯಕರ ದನಿಯನ್ನು ಗ್ರಾಮಫೋನ್ ಕಂಪನಿಗಾಗಿ ಮುದ್ರಿಸಿಕೊಂಡನು. ಮೊದಮೊದಲು ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾಯಿತು. ಮುಂದೆ ಕರಾವಳಿಯ ಅನುಕೂಲಸ್ಥರ ಮನೆಗಳಿಗೆ ನಾಯಿಯ ಚಿತ್ರವಿದ್ದ ಪ್ಲೇಟುಗಳೂ ಕೀಲಿ ತಿರುವುವ ಪೆಟ್ಟಿಗೆಗಳೂ ಬಂದವು. ಆ ಯಂತ್ರದಲ್ಲಿ ಗಂಟಲೂ ಬಾಯಿಯೂ ಒಂದೇ ಒಡಲಿನಲ್ಲಿದ್ದವು. ಸೂಜಿ ತಟ್ಟೆಯ ಗೆರೆಯಲ್ಲಿ ಅದುರುತ್ತದೆ, ಆ ಅದುರು ಅಭ್ರಕದ ಪೊರೆಗೆ ಮುಟ್ಟುತ್ತದೆ, ಪೊರೆಯ ಮುಂದಿನ ಕಹಳೆ ಕೋಣೆಯ ಗಾಳಿಯನ್ನು ನಡುಗಿಸುತ್ತದೆ. ವಿದ್ಯುತ್ತಿನ ಹಂಗಿಲ್ಲ. ದನಿಯನ್ನು ಏರಿಳಿಸುವ ತಿರುಪೂ ಇಲ್ಲ. ದಪ್ಪ ಸೂಜಿ ಹಾಕಿದರೆ ಜೋರು, ತೆಳುವಾದುದನ್ನು ಹಾಕಿದರೆ ಮೆದು, ಅದಕ್ಕೂ ಮೀರಿದರೆ ಕಹಳೆಗೆ ಬಟ್ಟೆ ತುರುಕಬೇಕು. ಒಂದು ಮಗ್ಗುಲಿಗೆ ಮೂರು ನಿಮಿಷದ ಅವಧಿ. ಇಡೀ ರಾತ್ರಿಯ ಆಟಕ್ಕೆ ಒಗ್ಗಿದ ಕಿವಿಗೆ ಇದು ಸಾಸಿವೆಯಷ್ಟು. ಆದರೂ ಜನರು ಸುತ್ತುಗಟ್ಟಿ ಕುಳಿತು ಕೇಳಿದರು ಎನ್ನುವುದು ಗಮನಿಸಬೇಕಾದ ಸಂಗತಿ. ಯಂತ್ರ ಒಂದು, ಕಿವಿಗಳು ಹಲವು.

ಗಂಟಲಿನಿಂದ ಬಾಯಿಯನ್ನು ಬೇರ್ಪಡಿಸಿದವರು ಕ್ಯಾಲಿಫೋರ್ನಿಯದ ಜೆನ್ಸನ್ ಮತ್ತು ಪ್ರಿಧಮ್. 1915ರಲ್ಲಿ ಅವರು ವಿದ್ಯುತ್ತಿನಿಂದ ನಡೆಯುವ ಧ್ವನಿವರ್ಧಕವನ್ನು ಸಾರ್ವಜನಿಕರೆದುರು ತೋರಿಸಿದರು. 1925ರಲ್ಲಿ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಕಾಗದದ ಶಂಕುವನ್ನು ಅಯಸ್ಕಾಂತದ ನಡುವಿನ ಸುರುಳಿಯಿಂದ ಅಲುಗಿಸುವ ವಿಧಾನಕ್ಕೆ ಇಂದಿನ ರೂಪ ಕೊಟ್ಟರು. ಇಂದು ನಾವು ಕೊಳ್ಳುವ ಪೆಟ್ಟಿಗೆಗಳ ಬಾಯಿ ಬಹುತೇಕ ಅದೇ. ನಮ್ಮ ದೇಶದಲ್ಲಿ ಇದು ಮೊದಲು ಪರಿಚಿತವಾದದ್ದು ರಾಜಕೀಯ ಸಭೆಗಳ ಮೂಲಕ. ಗಾಂಧೀಜಿ, ನೆಹರೂ ಮುಂತಾದವರ ಹಳೆಯ ಚಿತ್ರಗಳಲ್ಲಿ ‘ಶಿಕಾಗೋ ರೇಡಿಯೋ’ ಎಂಬ ಹೆಸರು ಹೊತ್ತ ಮೈಕನ್ನು ಕಂಡವರು ಅನೇಕರಿರಬಹುದು. ಅನಂತರ ಅದು ಹಳ್ಳಿಗೆ ಇಳಿಯಿತು. ಪೇಟೆಯ ಅಂಗಡಿಯಿಂದ ಬಾಡಿಗೆಗೆ ಬರುವ ಮೈಕ್ ಸೆಟ್ಟು, ತೆಂಗಿನ ಮರಕ್ಕೆ ಕಟ್ಟಿದ ಅಲ್ಯೂಮಿನಿಯಮ್ ಕಹಳೆ, ಮದುವೆಗೂ ಜಾತ್ರೆಗೂ ಬೆಳಗಿನಿಂದಲೇ ತಿರುಗುವ ಪ್ಲೇಟು. 1971ರಲ್ಲಿ ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದ ಮೇಲೆ ತುಳುವಿನ ಸಿನಿಮಾ ಹಾಡು. ಇದು ಆ ದಶಕಗಳ ಹಳ್ಳಿಯ ಚಿತ್ರ.

ಮೈಕು ಯಕ್ಷಗಾನವನ್ನು ಕೆಡಿಸಿತು ಎಂದು ಹೇಳುವ ಹಿರಿಯರುಂಟು. ಶ್ರುತಿ ಇಳಿಯಿತು, ಎದೆಯ ಹಾಡು ಗಂಟಲಿಗೆ ಬಂದಿತು ಎಂಬುದು ಅವರ ದೂರು. ಆದರೆ ಕಂಠವನ್ನು ಕೂಗುವ ಹೊರೆಯಿಂದ ಬಿಡಿಸಿದ್ದರಿಂದಲೇ ರಾಗವನ್ನು ಬೆಳೆಸುವ ಅವಕಾಶವೂ ಒದಗಿತು. ದಾಮೋದರ ಮಂಡೆಚ್ಚರಂಥವರ ಹಾಡುಗಾರಿಕೆಯ ನಯ ದೊಡ್ಡ ಸಭೆಯ ಕೊನೆಯವರೆಗೆ ಮುಟ್ಟಿದ್ದು ಆ ಕಾರಣದಿಂದ. ನನ್ನ ಅಭಿಪ್ರಾಯದಲ್ಲಿ ದೂರಿನ ಗುರಿ ತಪ್ಪಿದೆ. ಮೈಕಿನ ಕಿವಿ ಸೂಕ್ಷ್ಮವಾದುದು. ಕೆಟ್ಟದ್ದು ಕಹಳೆಯ ಬಾಯಿ. ಆ ಲೋಹದ ಕಹಳೆ ಮಾತಿನ ನಡುಸ್ವರಗಳನ್ನು ದೂರಕ್ಕೆ ಎಸೆಯುವುದಕ್ಕೆಂದು ಮಾಡಿದ್ದು. ಮದ್ದಳೆಯ ಗುಂಭನೆಯ ನಾದ ಅದರಲ್ಲಿ ಹೊರಡಲಾರದು, ಚಕ್ರತಾಳದ ಅನುರಣನ ಬರಿಯ ಕಿರಿಕಿರಿಯಾಗಿ ಹೊರಬೀಳುತ್ತದೆ. ಇಲ್ಲಿಂದ ಮುಂದಿನ ಕಥೆಯಲ್ಲಿ ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ: ನಾವು ಯಂತ್ರವನ್ನು ಕೊಳ್ಳುವಾಗ ಅದರ ಹೊಟ್ಟೆಯಲ್ಲಿ ಎಷ್ಟು ಹಿಡಿಸುತ್ತದೆ ಎಂದು ನೋಡುತ್ತೇವೆ, ಯಾವ ಯಾವ ತೂತುಗಳಿವೆ ಎಂದು ಎಣಿಸುತ್ತೇವೆ. ಬಾಯಿಯನ್ನು ಪರೀಕ್ಷಿಸುವವರು ಕಡಿಮೆ.

ರೇಡಿಯೋದ ವಿಷಯವನ್ನು ರೇಡಿಯೋದಲ್ಲಿಯೇ ಬಹಳ ಹೇಳುವುದು ಸೌಜನ್ಯವಲ್ಲ. 1956ರವರೆಗೆ ಈ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿದ್ದು. 1938ರಲ್ಲಿ ಮದರಾಸಿನ ನಿಲಯವೂ 1950ರಲ್ಲಿ ಧಾರವಾಡದ ನಿಲಯವೂ 1955ರಲ್ಲಿ ಬೆಂಗಳೂರಿನದೂ ತೊಡಗಿದವು. ಮಂಗಳೂರಿಗೆ ತನ್ನದೇ ಆಕಾಶವಾಣಿ ಬಂದದ್ದು 1976ರ ಡಿಸೆಂಬರಿನಲ್ಲಿ. ಅಲ್ಲಿಂದ ತಾಳಮದ್ದಳೆಯೂ ತುಳುವಿನ ಪಾಡ್ದನವೂ ಕಾಣದ ತಂತಿಯೇರಿ ಮನೆಮನೆಗೆ ಬಂದವು. ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು ಇಷ್ಟೆ: ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಿ ಇಟ್ಟುಕೊಳ್ಳುತ್ತಿದ್ದ ಆ ವಾಲ್ವಿನ ರೇಡಿಯೋಗಳ ಮರದ ಪೆಟ್ಟಿಗೆ ವಿಶಾಲವಾಗಿತ್ತು, ಅದರೊಳಗಿನ ಶಂಕು ಊಟದ ಬಟ್ಟಲಿನಷ್ಟು ಅಗಲ. ದನಿ ತುಂಬಿ ಬರುತ್ತಿತ್ತು. ಟ್ರಾನ್ಸಿಸ್ಟರು ಬಂದಾಗ ಅಡಿಕೆ ತೋಟಕ್ಕೆ ಒಯ್ಯುವ ಸೌಕರ್ಯ ಸಿಕ್ಕಿತು, ಬಾಯಿ ಮಾತ್ರ ಮುಷ್ಟಿಯಷ್ಟಾಯಿತು. ವಾರ್ತೆಗೆ ಅದು ಸಾಕು, ಪದಕ್ಕೆ ಸಾಲದು.

ಇನ್ನು ಕ್ಯಾಸೆಟ್ಟಿನ ಕಾಲ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಹೊರತಂದ ಈ ಪುಟ್ಟ ಸುರುಳಿ ನಮ್ಮ ಜಿಲ್ಲೆಗೆ ಬಂದದ್ದು ಹೆಚ್ಚಾಗಿ ಕೊಲ್ಲಿಯ ದಾರಿಯಿಂದ. ಬಂಟ್ವಾಳದ ಕಡೆಯಿಂದ ದುಡಿಯಲು ಹೋದವರು 1970ರ, 80ರ ದಶಕಗಳಲ್ಲಿ ರಜೆಗೆ ಮರಳುವಾಗ ಅತ್ತರು, ಸೀರೆಗಳ ಜೊತೆಗೆ ಒಂದು ‘ಟೂ ಇನ್ ವನ್’ ತರುವುದು ವಾಡಿಕೆಯಾಯಿತು. ರೇಡಿಯೋವೂ ಟೇಪ್ ರೆಕಾರ್ಡರೂ ಕೂಡಿದ ಆ ಪೆಟ್ಟಿಗೆಗೆ ಮನೆಯಾಕೆ ಕಸೂತಿಯ ಹೊದಿಕೆ ಹೊಲಿದು ಹಾಕುತ್ತಿದ್ದಳು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದು ಕನ್ನಡದ ಭಾವಗೀತೆ ಮನೆಯ ಮಾತಾಯಿತು. ಆದರೆ ಟೂ ಇನ್ ವನ್ನಿನ ನಿಜವಾದ ಹೆಚ್ಚುಗಾರಿಕೆ ಬೇರೆಯೇ ಇತ್ತು: ಅದರ ಮೈಮೇಲೊಂದು ಕೆಂಪು ಗುಂಡಿಯಿತ್ತು. ಗ್ರಾಮಫೋನು ಕಂಪನಿ ಹಾಡಿಸಿದ್ದನ್ನು ಹಾಡುತ್ತಿತ್ತು, ರೇಡಿಯೋ ನಿಲಯ ನುಡಿಸಿದ್ದನ್ನು ನುಡಿಯುತ್ತಿತ್ತು. ಇದು ಮನೆಯವರು ಕೇಳಿದ್ದನ್ನು ಹಿಡಿದಿಡುತ್ತಿತ್ತು. ಮಳೆಗಾಲದ ತಾಳಮದ್ದಳೆ ಕೂಟಗಳಲ್ಲಿ ಅರ್ಥಧಾರಿಗಳ ಮುಂದೆ ರೆಕಾರ್ಡರುಗಳು ಸಾಲುಗಟ್ಟಿ ಕುಳಿತವು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾದದ ಬಿಗಿ ಹೀಗೆ ಎಷ್ಟೋ ಮನೆಗಳ ಕಪಾಟಿಗೆ ಸೇರಿತು. ಬಡಗುತಿಟ್ಟಿನ ಕಾಳಿಂಗ ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೂ ಅವರ ಪದಗಳು ತೆಂಕಿನ ಸೀಮೆಯಲ್ಲಿಯೂ ತಿರುಗುತ್ತಿದ್ದುದು ಕ್ಯಾಸೆಟ್ಟಿನ ದೆಸೆಯಿಂದ.

ಆ ಮುದ್ರಣಗಳಿಗೆ ತಮ್ಮದೇ ಆದ ಒಂದು ಸ್ವಭಾವವಿದೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 45 ನಿಮಿಷ; ಕರ್ಣನೊಡನೆ ಕೃಷ್ಣನ ಸಂವಾದ ಬಿಸಿಯೇರಿದ ಹೊತ್ತಿಗೆ ಸುರುಳಿ ಟಕ್ಕೆಂದು ನಿಲ್ಲುತ್ತದೆ. ತಿರುವಿ ಹಾಕುವಷ್ಟರಲ್ಲಿ ಎರಡು ವಾಕ್ಯ ಹೋಯಿತು. ಒಂಬತ್ತು ಗಂಟೆಗಳ ಆಟಕ್ಕೆ ಅಂಥ ಆರು ಕ್ಯಾಸೆಟ್ಟು ಬೇಕು. ಮಾತಿನ ನಡುವೆ ಕೆಮ್ಮು, ಮಗುವಿನ ಅಳು, ಹಂಚಿನ ಮೇಲೆ ಮಳೆಯ ಸದ್ದು, ಯಾರೋ ‘ಚಾ ಬಂತು’ ಎಂದದ್ದು. ಇವೆಲ್ಲವೂ ಆ ಸುರುಳಿಯಲ್ಲಿವೆ. ಗ್ರಂಥಾಲಯಗಳಲ್ಲಿ ಸಿಗದ ಒಂದು ವಾಙ್ಮಯ ಇದು. ಬರೆದಿಟ್ಟುದಲ್ಲ, ಅಚ್ಚಾದುದಲ್ಲ, ಆ ರಾತ್ರಿ ಆ ಚಾವಡಿಯಲ್ಲಿ ಹುಟ್ಟಿದ ಮಾತು. ಮೂಡುಬಿದಿರೆಯ ಮಠ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಗೆದ್ದಲು ತೇವಗಳಿಂದ ಕಾದುಕೊಂಡು ಬಂದುದು ಲೋಕಪ್ರಸಿದ್ಧ. ನಮ್ಮ ಮನೆಗಳ ಕ್ಯಾಸೆಟ್ಟುಗಳಿಗೆ ಅಂಥ ಮಠವಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆ ಇದು. ಎರಡು ಮಳೆಗಾಲ ಮುಟ್ಟದೆ ಇಟ್ಟ ಕ್ಯಾಸೆಟ್ಟಿನ ಅಂಚಿಗೆ ಬಿಳಿಯ ಬೂಸಲು ಹಿಡಿಯುತ್ತದೆ.

ಇದಾದ ಮೇಲಿನ ಬದಲಾವಣೆಗಳು ಬಿರುಗಾಳಿಯ ವೇಗದವು. 1990ರ ದಶಕದ ಪೆಟ್ಟಿಗೆಗಳ ಮೇಲೆ ‘1000 ವಾಟ್ಸ್ ಪಿ.ಎಂ.ಪಿ.ಓ.’ ಎಂದು ಬಂಗಾರದ ಅಕ್ಷರದಲ್ಲಿ ಬರೆದಿರುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೂ ಲೆಕ್ಕದಲ್ಲಿ ಮಾತ್ರ ಹೊರಡುವ ಶಕ್ತಿ ಅದು. ನಿಜವಾಗಿ ನಿಂತು ದುಡಿಯುವ ಶಕ್ತಿ ಹತ್ತಿಪ್ಪತ್ತು ವಾಟಿಗೆ ಮೀರದ ಪೆಟ್ಟಿಗೆಗಳೇ ಅವುಗಳಲ್ಲಿ ಬಹಳ. 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿಯ ಐಪಾಡ್ ಬಂದಿತು. ಅದರ ಐದು ಗಿಗಾಬೈಟಿನ ಹೊಟ್ಟೆಯಲ್ಲಿ, ಸಾಧಾರಣ ಗುಣಮಟ್ಟದ ಎಂ.ಪಿ.ತ್ರೀ ಮುದ್ರಣವಾದರೆ, ಒಂಬತ್ತು ರಾತ್ರಿಗಳ ಒಂಬತ್ತು ಪೂರ್ತಿ ಆಟ ಹಿಡಿಸುತ್ತಿತ್ತು. ಹೊಟ್ಟೆ ಇಷ್ಟು ದೊಡ್ಡದು, ಬಾಯಿ ಮಾತ್ರ ಇಲ್ಲವೇ ಇಲ್ಲ! ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯೇ ಗತಿ. ಮನೆಯಲ್ಲಿ ಹಾಡು ನಡೆಯುತ್ತಿರುವಾಗಲೂ ಮನೆ ನಿಶ್ಶಬ್ದವಾಗಿರುತ್ತಿತ್ತು. ಪಕ್ಕದಲ್ಲಿ ಕುಳಿತ ಅಜ್ಜನಿಗೆ ಮೊಮ್ಮಗ ಏನು ಕೇಳುತ್ತಿದ್ದಾನೆಂಬುದು ತಿಳಿಯದು.

ದಕ್ಕೆಪೆಟ್ಟಿಗೆ ಹುಟ್ಟಿದ್ದು ಈ ಕೊರತೆಯನ್ನು ತುಂಬಲು. 2003ರಲ್ಲಿ ಐಪಾಡಿನ ಬುಡಕ್ಕೆ 30 ಮುಳ್ಳುಗಳ ಚಪ್ಪಟೆ ಕಿಂಡಿ ಬಂದಿತು. ಮರುವರ್ಷ ಬೋಸ್ ಕಂಪನಿಯ ಸೌಂಡ್‌ಡಾಕ್, ಅದರ ಹಿಂದೆ ಹತ್ತಾರು ಕಂಪನಿಗಳ ಪೆಟ್ಟಿಗೆಗಳು. ಮುಂಬಯಿಯಿಂದಲೂ ಕೊಲ್ಲಿಯಿಂದಲೂ ಅವು ನಮ್ಮ ಕಡೆಗೂ ಬಂದವು. ಗಂಟಲೂ ಬಾಯಿಯೂ ಮತ್ತೆ ಒಂದುಗೂಡಿದವು ಎನ್ನುವಷ್ಟರಲ್ಲಿ, 2012ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ತನ್ನ ಫೋನಿನ ಕಿಂಡಿಯನ್ನು ಬದಲಿಸಿ ಕಿರಿದುಮಾಡಿತು. ಬಾಯಿ ಸರಿಯಾಗಿಯೇ ಇದ್ದ ಪೆಟ್ಟಿಗೆಗಳು ಅನಾಥವಾದವು. ನದಿ ಬೇರೆ ದಾರಿ ಹಿಡಿದ ಮೇಲೆ ದಡದಲ್ಲಿ ಉಳಿದ ಕಲ್ಲುಕಟ್ಟೆಯ ಪಾಡು ಅವುಗಳದು. 2023ರಲ್ಲಿ ಆ ಎರಡನೆಯ ಕಿಂಡಿಯೂ ಹೋಗಿ ಮೂರನೆಯದು ಬಂದಿತು. ಅಷ್ಟರೊಳಗೆ ಬ್ಲೂಟೂತ್ ಎಂಬ ತಂತಿಯಿಲ್ಲದ ಏರ್ಪಾಟು ಹಬ್ಬಿ, ಫೋನು ಪೆಟ್ಟಿಗೆಯ ಮೇಲೆ ಕುಳಿತುಕೊಳ್ಳುವ ಅಗತ್ಯವೇ ಇಲ್ಲವಾಗಿತ್ತು.

ಹಾಗಾದರೆ ಇಂದು ಬೆಳ್ತಂಗಡಿಯ ಅಂಗಡಿಯಲ್ಲಿ ನಿಂತವನು ಏನನ್ನು ನೋಡಬೇಕು? ಹಾಡಿನ ಮೂಲ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಒಳ್ಳೆಯ ಶಂಕು ಮೂವತ್ತು ವರ್ಷ ಬಾಳುತ್ತದೆ. ಆದುದರಿಂದ ಇಂದಿನ ಫೋನಿಗೆ ಮಾತ್ರ ಹೊಂದುವ ಕಿಂಡಿಯ ಪೆಟ್ಟಿಗೆಗಿಂತ, ತಂತಿಯಿಲ್ಲದ ಏರ್ಪಾಟಿನ ಜೊತೆಗೆ ಆ ಹಳೆಯ ಉರುಟು ತೂತೂ, ಎಂದರೆ ಆಕ್ಸ್ ಎಂದು ಬರೆದಿರುವ ಮೂರೂವರೆ ಮಿಲಿಮೀಟರಿನ ತೂತೂ, ಉಳ್ಳದ್ದು ಲೇಸು. ಕ್ಯಾಸೆಟ್ಟಿನ ಯಂತ್ರವನ್ನು ಅದಕ್ಕೆ ನೇರವಾಗಿ ಸಿಕ್ಕಿಸಬಹುದು. ಇದು ನಮ್ಮ ಮನೆಗಳಿಗೆ ಅಲಕ್ಷಿಸುವ ಮಾತಲ್ಲ.

ಎರಡನೆಯದು ಮಳೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆಯುವವರೆಗೆ ಆಟವಿಲ್ಲ. ಮನೆಯಲ್ಲಿ ಕುಳಿತು ಕೇಳುವ ಕಾಲ ಅದೇ. ಹಂಚಿನ ಮೇಲೂ ತಗಡಿನ ಮೇಲೂ ಮಳೆ ಅಬ್ಬರಿಸುವ ಕಾಲವೂ ಅದೇ. ಪಟ್ಟಣದ ಗಾಜಿನ ಕೋಣೆಯಲ್ಲಿ ಸಾಕೆನಿಸಿದ ದನಿ ಇಲ್ಲಿ ಮುಳುಗುತ್ತದೆ. ವಾಟುಗಳ ಸಂಖ್ಯೆಯನ್ನು ಹೋಲಿಸಿ ಮೋಸಹೋಗಬಾರದು. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ‘ಎರಡು ಪಟ್ಟು ಜೋರು’ ಎನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಅದಕ್ಕಿಂತ ದೊಡ್ಡ ಶಂಕು, ಗಟ್ಟಿಯಾದ ಪೆಟ್ಟಿಗೆ, ಗೋಡೆಯ ಮೂಲೆಗೆ ಹತ್ತಿರದ ಸ್ಥಾನ ಹೆಚ್ಚು ಫಲ ಕೊಡುತ್ತವೆ. ಮೂಲೆಯಲ್ಲಿಟ್ಟರೆ ಮಂದ್ರಸ್ವರ ತಾನಾಗಿ ಉಬ್ಬುತ್ತದೆ; ಗುಂಯ್‌ಗುಟ್ಟುವಷ್ಟಾದರೆ ಒಂದು ಮೊಳ ಈಚೆಗೆ ಸರಿಸಿದರಾಯಿತು.

ಮೂರನೆಯದು ಪರೀಕ್ಷೆ. ಅಂಗಡಿಯವರು ನುಡಿಸುವ ಹಾಡು ಪೆಟ್ಟಿಗೆಯ ಗುಣವನ್ನು ತೋರಿಸಲೆಂದೇ ಆರಿಸಿದ್ದು, ಅದರಿಂದ ಏನೂ ತಿಳಿಯದು. ನಾವೇ ಬಲ್ಲ ಒಂದು ಪದವನ್ನು ಫೋನಿನಲ್ಲಿ ಒಯ್ಯಬೇಕು, ಏರುಪದವಾದರೆ ಉತ್ತಮ. ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ಭಾಗವತರ ದನಿ ಒಂದು ಕ್ಷಣ ಒಳಕ್ಕೆ ಸರಿದಂತೆ ಕೇಳಿದರೆ, ಆ ಪೆಟ್ಟಿಗೆ ತನ್ನ ಶಕ್ತಿಯ ಕೊನೆ ಮುಟ್ಟಿ ಎಲ್ಲವನ್ನೂ ಅಮುಕುತ್ತಿದೆಯೆಂದು ಅರ್ಥ. ಸಣ್ಣ ಬ್ಲೂಟೂತ್ ಉರುಳೆಗಳಲ್ಲಿ ಇದು ಸಾಮಾನ್ಯ ದೋಷ. ಮದ್ದಳೆಯ ಎಡದ ಬಲದ ಪೆಟ್ಟುಗಳು ಬೇರೆಬೇರೆಯಾಗಿ ಕೇಳುತ್ತವೆಯೇ? ಜಾಗಟೆ ಹೊಡೆದ ಮೇಲೆ ಅದರ ನಾದ ಮೆಲ್ಲಗೆ ಆರುತ್ತದೆಯೇ, ಕತ್ತರಿಸಿದಂತೆ ನಿಲ್ಲುತ್ತದೆಯೇ? ಅರ್ಥಗಾರಿಕೆಯಲ್ಲಿ ಮಾತು ತಗ್ಗಿದಾಗಲೂ ಅಲ್ಪಪ್ರಾಣ ಮಹಾಪ್ರಾಣ ಬೇರೆಯಾಗಿ ತಿಳಿಯುತ್ತವೆಯೇ? ಇದಕ್ಕೆ ಸಂಗೀತದ ಪಾಂಡಿತ್ಯ ಬೇಡ. ಬಯಲಿನಲ್ಲಿ ಕುಳಿತು ನಾಲ್ಕು ಆಟ ನೋಡಿದವನ ಕಿವಿ ಸಾಕು.

ಮನೆಯ ಪೆಟ್ಟಿಗೆಗೆ ಈಚೆಗೆ ಇನ್ನೊಂದು ಕಾರಣದಿಂದಲೂ ಮಹತ್ವ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ನಿಯಮವನ್ನು ಬಿಗಿಯಾಗಿ ನಡೆಸಲು ತೊಡಗಿದ ಮೇಲೆ, 2022ರ ಕೊನೆಯಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಯ ಆಟಕ್ಕೆ ತಿರುಗಬೇಕಾಯಿತು. ವಿಷಯ ಉಚ್ಚ ನ್ಯಾಯಾಲಯವನ್ನು ಮುಟ್ಟಿ, 2024ರ ಆರಂಭದಿಂದ ಬೆಳಗಿನವರೆಗಿನ ಆಟ ಮತ್ತೆ ನಡೆಯಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳವಾದರೋ ಅದಕ್ಕೂ ಮೊದಲೇ ಕಾಲಮಿತಿಯನ್ನು ಒಪ್ಪಿಕೊಂಡಿತ್ತು. ಇದರ ಗುಣದೋಷಗಳ ಚರ್ಚೆ ಇಲ್ಲಿಯದಲ್ಲ. ಆದರೆ ಇಡೀ ರಾತ್ರಿಯ ಆಟದ ಸಾವಧಾನ, ನಡುರಾತ್ರಿ ಕಳೆದ ಮೇಲಿನ ಆ ರಾಗಗಳು, ಬೆಳಗಿನ ಜಾವದ ಮೋಹನ, ಇವುಗಳನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಂಡಿರುವ ಎಡೆಗಳಲ್ಲಿ ಮನೆಗಳ ಕಪಾಟಿನ ಆ ಕ್ಯಾಸೆಟ್ಟುಗಳೂ ಸೇರಿವೆ.

ಅವುಗಳನ್ನು ಫೋನಿಗೆ ಇಳಿಸಿಕೊಳ್ಳಲು ಅಡ್ಡದಾರಿಯಿಲ್ಲ. 90 ನಿಮಿಷದ ಸುರುಳಿ 90 ನಿಮಿಷ ತಿರುಗಲೇಬೇಕು. ಬೂಸಲು ಹಿಡಿದಿದ್ದರೆ ಮೊದಲು ಒಣಬಟ್ಟೆಯಿಂದ ಒರೆಸಿ, ಯಂತ್ರದ ತಲೆಯನ್ನು ಸ್ಪಿರಿಟ್ಟಿನಿಂದ ತೊಳೆದು, ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ಬರಿದೆ ಓಡಿಸಬೇಕು. ಯಂತ್ರವನ್ನು ದುರಸ್ತಿ ಮಾಡಬಲ್ಲವರು ಪೇಟೆಗೆ ಒಬ್ಬಿಬ್ಬರು ಉಳಿದಿರಬಹುದು, ಅವರ ಬಳಿ ರಬ್ಬರಿನ ಪಟ್ಟಿ ಸಿಕ್ಕರೆ ಎರಡು ಹೆಚ್ಚಾಗಿ ಕೊಂಡಿಡುವುದು ಒಳ್ಳೆಯದು. ಸುರುಳಿ ತಿರುಗುವಾಗ ಪೆಟ್ಟಿಗೆಯ ಬಾಯಿಯನ್ನು ತೆರೆದೇ ಇಟ್ಟರೆ ಆ 90 ನಿಮಿಷ ಮನೆಯವರೆಲ್ಲರಿಗೂ ಕೇಳುತ್ತದೆ. ಆರು ಕ್ಯಾಸೆಟ್ಟಿನ ಒಂದು ಆಟಕ್ಕೆ ಆಟಿ ತಿಂಗಳಿನ ಆರು ಸಂಜೆಗಳು.